ಅಕ್ಕ ಮಾತ್ರೆ ಬಿಟ್ಟಿದ್ದು

ಡ್ರಿಲ್ ಮೇಷ್ಟ್ರಿಗೆ ಶುಗರ್ ಬರಬಾರದು. ಬಂದರೂ ಊರಿಗೆ ಗೊತ್ತಾಗಬಾರದು. ನನಗೆ ಎರಡೂ ಆಯ್ತು. ಇಪ್ಪತ್ತಾರು ವರ್ಷ ಮಂಡ್ಯ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಸೀಟಿ ಊದಿಕೊಂಡು, ಮಕ್ಕಳನ್ನ ಬಿಸಿಲಲ್ಲಿ ಓಡಿಸಿ, ಹೊಟ್ಟೆ ಒಳಕ್ಕೆ ಎಳ್ಕೊಳ್ರೋ ಅಂತ ಕಿರುಚಿದವನು ನಾನು. ನನ್ನ ಹೊಟ್ಟೆ ಯಾವಾಗ ಹೊರಕ್ಕೆ ಬಂತು ಅನ್ನೋದನ್ನ ಮಾತ್ರ ನೋಡಿಕೊಳ್ಳಲಿಲ್ಲ. ಕ್ರೀಡಾಕೂಟದ ದಿನ ಮಟಮಟ ಮಧ್ಯಾಹ್ನ ತಲೆ ಸುತ್ತಿ, ನಾನೇ ಹಾಕಿಸಿದ್ದ ಸುಣ್ಣದ ಗೆರೆ ಮೇಲೆ ಕುಕ್ಕರಿಸಿಬಿಟ್ಟೆ. ಮಕ್ಕಳು ನಕ್ಕವು. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ರು, ಅದೂ ಬಾಯಿಬಿಟ್ಟು ಹೇಳಿಕೊಳ್ಳೋ ಹಾಗಿಲ್ಲದಷ್ಟು.

ಡಾಕ್ಟರು ಏನು ತಿಂತೀರಿ ಅಂತ ಕೇಳಿದರು. ಮುದ್ದೆ ಸಾರ್, ಬರೀ ರಾಗಿ, ಅಂತ ಎದೆ ಉಬ್ಬಿಸಿ ಹೇಳಿದೆ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತ ಕೇಳಿಕೊಂಡು ಬೆಳೆದ ಜನ ನಾವು. ರಾಗಿ ತಿನ್ನೋನ ಹತ್ತಿರ ಶುಗರ್ ಸುಳಿಯಲ್ಲ ಅಂತ ನಂಬಿ ಎರಡು ಹೊತ್ತೂ ಎರಡೆರಡು ಇಳಿಸುತ್ತಿದ್ದೆ. ಯಾವ ಗಾತ್ರದ ಮುದ್ದೆ ಅಂದರು. ನಾನು ಉತ್ತರ ಕೊಡೋಕೆ ಮುಂಚೆ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಎರಡೂ ಕೈ ಜೋಡಿಸಿ ಅಳತೆ ತೋರಿಸಿಬಿಟ್ಟಳು. ಡಾಕ್ಟರು ನಕ್ಕು, ಬೆಳಿಗ್ಗೆ ಒಂದು ಸಾಯಂಕಾಲ ಒಂದು ಮಾತ್ರೆ ಬರೆದರು. ಎಷ್ಟು ದಿನ ಸಾರ್ ಅಂದೆ. ನೋಡೋಣ ಅಂದರು. ಈ ನೋಡೋಣ ಅನ್ನೋ ಮಾತು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತೆ.

ಸ್ಟಾಫ್ ರೂಮಿನಲ್ಲಿ ಗಣಿತದವರು, ವಿಜ್ಞಾನದವರು ನೋಡ್ತಾ ಇರೋವಾಗ ಡ್ರಿಲ್ ಮೇಷ್ಟ್ರು ಮಾತ್ರೆ ನುಂಗೋದು ನನಗೆ ಸಾಯೋಷ್ಟು ಅವಮಾನ. ಇದನ್ನ ಬಿಡಿಸಿಕೊಳ್ಳದೆ ಇದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಅಂತ ಹಟ ಹಿಡಿದೆ. ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕೆ ಇಳಿಯಿತು. ಅನ್ನ ಬಂದ್. ಹುರುಳಿಕಾಳು, ಸೊಪ್ಪು, ಬಸ್ಸಾರು. ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ಒಂದೂವರೆ ಗಂಟೆ ಬಿರಬಿರನೆ ನಡಿಗೆ. ಎಂಟು ತಿಂಗಳಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದ ಹಾಗಾಯ್ತು. ಡಾಕ್ಟರು ಮೊದಲು ಸಾಯಂಕಾಲದ ಮಾತ್ರೆ ತೆಗೆದರು. ಆಮೇಲೆ ಒಂದು ದಿನ ಬೆಳಗಿನದನ್ನೂ ತೆಗೆದು, ಮೂರು ತಿಂಗಳು ನಿಲ್ಲಿಸಿ ನೋಡೋಣ, ಆದರೆ ಪರೀಕ್ಷೆಗೆ ಬರಲೇಬೇಕು ಮೇಷ್ಟ್ರೇ, ಅಂದರು. ಆಸ್ಪತ್ರೆ ಮೆಟ್ಟಿಲು ಇಳಿಯೋ ಹೊತ್ತಿಗೆ ನಿಲ್ಲಿಸಿ ಅನ್ನೋ ಒಂದೇ ಮಾತು ನನ್ನ ಕಿವಿಯಲ್ಲಿ ಉಳಿದಿತ್ತು.

ಆಮೇಲೆ ನನ್ನನ್ನ ಹಿಡಿಯೋರು ಯಾರು? ಬಸ್ಸಲ್ಲಿ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲೂ ಭಾಷಣ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಶುರು ಮಾಡಿದರೆ ಮುಗಿಸುತ್ತಲೇ ಇರಲಿಲ್ಲ. ಅದೇ ಗಾದೆಯ ಇನ್ನರ್ಧ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನೋದು, ನನಗೆ ನೆನಪಿಗೇ ಬರುತ್ತಿರಲಿಲ್ಲ. ಹೇಳಿ ಹೇಳಿ ನನ್ನ ಕತೆ ಸಣ್ಣದಾಯ್ತು. ಮೊದಮೊದಲು ಅದರಲ್ಲಿ ಡಾಕ್ಟರು ಇದ್ದರು, ಪರೀಕ್ಷೆ ಇತ್ತು, ಎಂಟು ತಿಂಗಳಿತ್ತು. ಕೊನೆಗೆ ಉಳಿದದ್ದು ಇಷ್ಟೇ: ಊಟ ಕಮ್ಮಿ ಮಾಡ್ದೆ, ನಡೆದೆ, ಮಾತ್ರೆ ಎಸೆದೆ.

ಮದ್ದೂರಿನಲ್ಲಿ ನಮ್ಮ ನೆಂಟರ ಹುಡುಗಿ ಮದುವೆಯ ಬೀಗರ ಊಟ. ಮಟನ್ ಸಾರು, ಮುದ್ದೆ, ಬೋಟಿ ಗೊಜ್ಜು ಎಲ್ಲಾ ಎಲೆಗೆ ಬೀಳ್ತಾ ಇದ್ದರೆ ನಾನು ಮುದ್ದೆ ಬೇಡ ಅಂತ ಕೈ ಅಡ್ಡ ಹಿಡಿದೆ. ನಮ್ಮ ಕಡೆ ಬೀಗರ ಊಟದಲ್ಲಿ ಮುದ್ದೆ ಬೇಡ ಅಂದರೆ ಪಂಕ್ತಿಯೇ ತಿರುಗಿ ನೋಡುತ್ತೆ. ನೋಡಿತು. ನನಗೂ ಬೇಕಾಗಿದ್ದು ಅದೇ. ಭಾಷಣ ಬಿಟ್ಟೆ. ಪಕ್ಕದ ಎಲೆಯಲ್ಲಿ ನಮ್ಮಕ್ಕ ಕೂತಿದ್ದಳು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ತೊಟ್ಟಿಲಲ್ಲಿ ಇರೋವಾಗಲೇ ಅವ್ವ ಹೋದಳು. ನನ್ನನ್ನ ಸೊಂಟದ ಮೇಲೆ ಹೊರೋಕೆ ಅಂತ ಅಕ್ಕನನ್ನ ಸ್ಕೂಲು ಬಿಡಿಸಿದರು. ಆಮೇಲೆ ಮಳವಳ್ಳಿ ಕಡೆ ಒಂದು ಹಳ್ಳಿಗೆ ಕೊಟ್ಟರು. ಭಾವ ಈಗಿಲ್ಲ. ಮಗ, ಸೊಸೆ ಜೊತೆ ಇದ್ದಾಳೆ. ತಾನು ಓದಲಿಲ್ಲ, ತಮ್ಮ ಓದಿ ಮೇಷ್ಟ್ರಾದ ಅನ್ನೋದು ಅವಳ ದೊಡ್ಡ ಸಂಪಾದನೆ. ಆರು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದಳು. ನಮ್ಮ ಕಡೆ ಬಿಪಿ-ಶುಗರ್ರು ಅಂತ ಒಂದೇ ಉಸಿರಿನಲ್ಲಿ ಹೇಳ್ತಾರೆ, ಜೋಡಿ ಎತ್ತು ಹೆಸರು ಹಿಡಿದು ಕೂಗೋ ಹಾಗೆ. ಎರಡೂ ಬೇರೆ ಬೇರೆ ಕಾಯಿಲೆ ಅಂತ ಯಾರೂ ನಿಂತು ಯೋಚಿಸೋದಿಲ್ಲ. ನಾನೂ ಯೋಚಿಸಲಿಲ್ಲ.

"ಅಷ್ಟೂ ಬುಟ್ಬುಟ್ಯಾ? ಏನೂ ಆಗ್ನಿಲ್ವಾ?" ಅಂದಳು ಅಕ್ಕ.

ಕುದುರೆ ಇದ್ದಂಗಿದ್ದೀನಿ ನೋಡು ಅಂದೆ. ನಂದೂ ಅದೇ ಅಲ್ವೇನ್ಲಾ, ಬಿಪಿ-ಶುಗರ್ರು, ಅಂದಳು. ನನ್ನ ಬಾಯಲ್ಲಿ ಮಟನ್ ಇತ್ತು, ಎದುರಿಗೆ ಕೇಳೋ ಜನ ಇದ್ದರು.

"ಎಲ್ಲಾ ಊಟದಲ್ಲೇ ಇರೋದು ಕಣಕ್ಕ," ಅಂದುಬಿಟ್ಟೆ.

ಡಾಕ್ಟರು ಹೇಳಿದ್ದ ಮೂರು ತಿಂಗಳಾಯ್ತು, ಯುಗಾದಿ ಆದ ವಾರ ಪರೀಕ್ಷೆಗೆ ಹೋದೆ. ಶುಗರ್ ಮತ್ತೆ ಏರಿತ್ತು. ನಾನು ಲ್ಯಾಬಿನವನ ಜೊತೆ ಜಗಳಕ್ಕೇ ನಿಂತೆ, ಬೇರೆ ಯಾರದೋ ರಕ್ತ ಇದು ಅಂತ. ಅದೇ ಹುರುಳಿಕಾಳು, ಅದೇ ನಾಲೆ ಏರಿ, ಅದೇ ನಿಂಬೆಹಣ್ಣಿನ ಗಾತ್ರ. ಎಲ್ಲಿ ತಪ್ಪಿದೆ ಹೇಳಿ ಸಾರ್ ಅಂತ ಡಾಕ್ಟರನ್ನ ಕೇಳಿದೆ. ತಪ್ಪೇನಿಲ್ಲ, ಕೆಲವರ ಮೈ ಹಾಗೆ, ಅರ್ಧ ಮಾತ್ರೆ ಸಾಕು ಅಂದರು. ತಪ್ಪಿಲ್ಲದೆ ಶಿಕ್ಷೆ ಯಾಕೆ ಅಂತ ನನಗೆ ಅರ್ಥವೇ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಸಣ್ಣ ಮಕ್ಕಳ ಹಾಗೆ ಕಣ್ಣಲ್ಲಿ ನೀರು ಬಂತು.

ಮಾತ್ರೆ ತಂದು ಗಡ್ಡ ಹೆರೆಯೋ ಡಬ್ಬಿಯಲ್ಲಿ ಬಚ್ಚಿಟ್ಟೆ. ಹೆಂಡತಿಗೆ ಮಾತ್ರ ಗೊತ್ತು. ಅಷ್ಟು ಜನಕ್ಕೆ ಹೇಳಿಕೊಂಡು ತಿರುಗಿದ್ದೀರಿ, ಇದನ್ನೂ ಹೇಳಿ ಅಂದಳು. ಡಂಗುರ ಹೊಡೀಲಾ ಅಂತ ಅವಳ ಮೇಲೆ ಹಾರಾಡಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಅವಳು ಅಡುಗೆಮನೆಗೆ ಹೋದಳು. ಅಕ್ಕ ಭಾನುವಾರ ಭಾನುವಾರ ಫೋನು ಮಾಡ್ತಾಳೆ. ಮಳೆ, ಕರ, ಹಾಲಿನ ಡೈರಿ ಎಲ್ಲಾ ಮಾತಾಡಿದ ಮೇಲೆ, ಇನ್ನೂ ಮಾತ್ರೆ ಇಲ್ದೇ ಇದ್ದೀಯಾ ಅಂತ ಕೇಳೋಳು. ಊಂ ಅನ್ನುತ್ತಿದ್ದೆ. ಪ್ರತಿ ವಾರ ಅದನ್ನೇ ಯಾಕೆ ಕೇಳ್ತಾಳೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಸ್ಕೂಲ್ ಮಕ್ಕಳಿಗಿಂತ ದಡ್ಡ ನಾನು.

ಐದು ತಿಂಗಳು ಹೀಗೇ ಹೋಯ್ತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಿದ್ದೆ, ಅಕ್ಕನ ಮಗ ಫೋನು ಮಾಡಿದ. ಅವ್ವ ಮುದ್ದೆ ತಿರುವುತ್ತಿದ್ದಳಂತೆ, ಕೋಲು ಕೈಯಿಂದ ಜಾರಿತಂತೆ, ಬಾಯಿ ಸೊಟ್ಟಗಾಗಿದೆ ಮಾವ, ಅಂದ. ಲಕ್ವ. ಮಳವಳ್ಳಿಗೆ ಕರಕೊಂಡು ಹೋಗಿ, ಅಲ್ಲಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ ತಂದರು. ನಾನು ಸೀಟಿ ಕೊರಳಲ್ಲಿ ಹಾಕಿಕೊಂಡೇ ಓಡಿದ್ದೆ.

ಬಿಪಿ ಮಾತ್ರೆ ತಗೊಳ್ತಿದ್ದರಾ ಅಂತ ಅಲ್ಲಿನ ಡಾಕ್ಟರು ಕೇಳಿದರು. ನಾನೇ ತಿಂಗಳು ತಿಂಗಳು ತಂದುಕೊಡ್ತೀನಿ ಅಂದ ಮಗ. ಸೊಸೆ ಸಾಯಂಕಾಲ ಮನೆಗೆ ಹೋಗಿ ಬಟ್ಟೆ ತರುವಾಗ ಅಕ್ಕಿ ಡಬ್ಬದ ಹಿಂದೆ ಕೈಯಾಡಿಸಿ ಒಂದು ಕವರು ತಂದಳು. ಐದು ತಿಂಗಳ ಮಾತ್ರೆ, ಒಂದೂ ಒಡೆದಿರಲಿಲ್ಲ. ಅತ್ತೆ ಯಾರಿಗೂ ಹೇಳಬೇಡ ಅಂದಿದ್ರು ಅಂತ ಅಳೋಕೆ ಶುರು ಮಾಡಿದಳು. ಊಟ ಏನು ಮಾಡ್ತಿದ್ದರು ಅಂತ ಡಾಕ್ಟರು ಕೇಳಿದ್ದಕ್ಕೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಹುರುಳಿಕಾಳು ಅಂತ ನನ್ನ ಪಥ್ಯವನ್ನೇ ಒಪ್ಪಿಸಿದಳು. ಮುದ್ದೆ ಕಮ್ಮಿಯಾಗಿ ನಾಲಿಗೆ ಸಪ್ಪೆ ಅಂತ ಉಪ್ಸಾರಿನ ಖಾರ ಎರಡರಷ್ಟು ನೆಕ್ಕುತ್ತಿದ್ದಳಂತೆ, ಮಜ್ಜಿಗೆಗೆ ಉಪ್ಪು ಸುರಕೊಂಡು ಕುಡಿಯುತ್ತಿದ್ದಳಂತೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಬಿಪಿ ಇರೋರಿಗೆ ಮೊದಲು ಕಮ್ಮಿ ಮಾಡಬೇಕಾದ್ದೇ ಉಪ್ಪು, ಇದ್ಯಾವ ಪಂಡಿತ ಹೇಳಿಕೊಟ್ಟಿದ್ದು ಅಂದರು. ಪಂಡಿತ ಅವರ ಮುಂದೆಯೇ ನಿಂತಿದ್ದ.

ಮಾತ್ರೆ ತಗೊಂಡಿದ್ದರೆ ಇದು ಆಗ್ತಿರಲಿಲ್ವಾ ಅಂತ ಆಮೇಲೆ ಅವರನ್ನ ಒಬ್ಬನೇ ಹಿಡಿದು ಕೇಳಿದೆ. ಹೌದು ಅಂದಿದ್ದರೆ ಎದೆ ಬಡಕೊಂಡು ಅಳುತ್ತಿದ್ದೆ, ಇಲ್ಲ ಅಂದಿದ್ದರೆ ಮಲಗುತ್ತಿದ್ದೆ. ತಗೊಳ್ಳೋರಿಗೂ ಕೆಲವರಿಗೆ ಆಗುತ್ತೆ, ಆದರೆ ತಗೊಂಡಿದ್ದರೆ ಅಪಾಯ ಕಮ್ಮಿ ಇರ್ತಿತ್ತು, ಇನ್ನು ಮುಂದೆ ಬಿಟ್ಟರೆ ಎರಡನೇ ಸಲ ಉಳಿಯೋದು ಕಷ್ಟ, ಅಂದರು. ಮೊದಲನೇ ಮಾತು ಹಿಡಿಯಲಾ, ಎರಡನೇದನ್ನ ಹಿಡಿಯಲಾ ಗೊತ್ತಾಗದೆ ಕಾರಿಡಾರಿನಲ್ಲಿ ನಿಂತೇ ಇದ್ದೆ.

ಅಕ್ಕ ಯಾಕೆ ಬಿಟ್ಟಳು ಅನ್ನೋದನ್ನೂ ಸೊಸೆಯೇ ಹೇಳಿದಳು. ಮದ್ದೂರಿನ ಹತ್ತಿರ ಇರೋ ಅವಳ ತವರಿನ, ಅಂದರೆ ನಮ್ಮ, ಮನೆದೇವರಲ್ಲಿ ಹೂ ಕೇಳಿದ್ದಳಂತೆ. ಪೂಜಾರಪ್ಪ ಒದ್ದೆ ಹೂಗಳನ್ನ ದೇವರ ಎಡಕ್ಕೂ ಬಲಕ್ಕೂ ಅಂಟಿಸ್ತಾನೆ, ಮನಸ್ಸಲ್ಲಿ ಕೇಳಿಕೊಂಡು ಕೂತಿರಬೇಕು. ಬಲದ ಹೂ ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಹೆಣ್ಣು ತರೋದು, ಬೋರ್ ಕೊರೆಸೋದು, ಮನೆಗೆ ಪಾಯ ತೆಗೆಯೋದು ಎಲ್ಲಾ ನಾವು ಹಿಂಗೇ ಕೇಳೋದು. ಯುಗಾದಿ ಆದ ವಾರ ಅಕ್ಕ ಕೇಳಿದ್ದು. ಕೂತ ಕ್ಷಣಕ್ಕೇ ಬಲಕ್ಕೆ ಹೂ ಬಿತ್ತಂತೆ. ನಿಜ ಹೇಳಿಬಿಡ್ತೀನಿ, ಅದನ್ನ ಕೇಳಿ ನನಗೆ ಸಮಾಧಾನ ಆಯ್ತು. ಹೇಳಿದ್ದು ದೇವರು, ನಾನಲ್ಲ. ಥೂ ನನ್ನ ಜನ್ಮಕ್ಕೆ ಅಂತ ಅನ್ನಿಸಿದ್ದು ಎಷ್ಟೋ ಹೊತ್ತಾದ ಮೇಲೆ.

ಇಪ್ಪತ್ತು ದಿನಕ್ಕೆ ಅಕ್ಕನನ್ನ ಊರಿಗೆ ಕಳಿಸಿದರು. ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಮಾತು ತೊದಲು, ಆದರೆ ಬುದ್ಧಿ ನೆಟ್ಟಗಿತ್ತು. ಆಸ್ಪತ್ರೆಯಲ್ಲಿ ನರ್ಸುಗಳಿಗೆ ಹೆದರಿ ನುಂಗುತ್ತಿದ್ದವಳು ಮನೆಗೆ ಬಂದ ಮಾರನೇ ದಿನದಿಂದ ಮಾತ್ರೆಗೆ ಬಾಯಿ ಬಿಗಿದಳು. ಮಗ ಬೈದ, ಸೊಸೆ ಕಾಲು ಹಿಡಿದಳು. ಆಗಲಿಲ್ಲ. ಹೂವ, ಹೂವ ಅಂತ ಅಷ್ಟೇ ಹೇಳ್ತಾಳೆ ಮಾವ, ದೇವರು ಕೊಟ್ಟ ಮಾತು ಮೀರಕ್ಕೆ ಭಯ ಅವಳಿಗೆ, ಬಲಕ್ಕೆ ಕೊಟ್ಟಿದ್ದನ್ನ ಇನ್ನೊಂದು ಹೂ ಕೇಳಿಯೇ ಬಿಡಿಸಬೇಕು, ಅದು ನಿಮ್ಮ ಮನೆದೇವರು, ನೀವೇ ಹೋಗಿ, ಅಂತ ಸೋದರಳಿಯ ಫೋನಿನಲ್ಲಿ ಬೇಡಿಕೊಂಡ. ಆಗಲೇ ಮೂರು ದಿನದ ಮಾತ್ರೆ ತಪ್ಪಿತ್ತು.

ರಜೆ ಹಾಕಿ ಹೋದೆ. ಪೂಜಾರಪ್ಪ ಹೂ ಅಂಟಿಸಿದ. ನಾನು ಅಟೆನ್ಷನ್‌ನಲ್ಲಿ ನಿಂತೆ, ಅದು ಬಿಟ್ಟು ನನಗೆ ನಿಲ್ಲೋಕೆ ಬರೋದಿಲ್ಲ. ಅಕ್ಕ ಮಾತ್ರೆ ನುಂಗಲಿ ಅಂತ ಬಲಕ್ಕೆ ಕೊಡಪ್ಪ ಅಂದುಕೊಂಡೆ. ಮಧ್ಯೆ, ತಪ್ಪು ನಂದಾದರೆ ಎಡಕ್ಕೆ ಕೊಡು ಅಂತಲೂ ಅಂದುಕೊಂಡೆ. ಅದು ಒಂದಕ್ಕೊಂದು ಅಡ್ಡ ಆಯ್ತಲ್ಲ ಅಂತ ಮೊದಲಿಂದ ಶುರು ಮಾಡಿದೆ. ಅರ್ಧ ಗಂಟೆ ಆಯ್ತು, ಮುಕ್ಕಾಲು ಗಂಟೆ ಆಯ್ತು. ಒಂದು ಎಸಳೂ ಅಲ್ಲಾಡಲಿಲ್ಲ. ಏನು ಕೇಳ್ತಾ ಇದ್ದೀರಿ ಮೇಷ್ಟ್ರೇ, ಒಂದೇ ಮಾತು ಕೇಳಬೇಕು ಅಂದ ಪೂಜಾರಪ್ಪ. ನನಗೆ ಅವನ ಮೇಲೂ ಸಿಟ್ಟು, ದೇವರ ಮೇಲೂ ಸಿಟ್ಟು. ವಿಷಯ ಹೇಳಿದೆ. ಅವನು ಒಳ್ಳೆಯವನು. ಬಲಗಡೆಯ ಹೂ ತನ್ನ ಕೈಯಾರೆ ಕಿತ್ತು ಕೊಟ್ಟು, ಬಿತ್ತು ಅಂತಲೇ ಹೇಳಿಬಿಡಿ, ತಾಯಿ ನುಂಗಲಿ, ನನಗೇನೂ ಪಾಪ ಬರಲ್ಲ ಅಂದ.

ಹೂವನ್ನ ಕರ್ಚೀಫಿನಲ್ಲಿ ಸುತ್ತಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದೇ ಲೆಕ್ಕ. ಸುಳ್ಳು ಹೇಳಿದರೆ ಅಕ್ಕ ಬದುಕ್ತಾಳೆ. ನನ್ನ ಸುಳ್ಳಿನಿಂದಲೇ ಅಲ್ವಾ ಅವಳು ಬಿದ್ದದ್ದು? ಆದರೆ ನಿಜ ಹೇಳಿದರೆ, ಹೂ ಬೀಳಲಿಲ್ಲ ಅಂದರೆ, ಅವಳು ಇವತ್ತೂ ನುಂಗಲ್ಲ. ಅತ್ತ ದರಿ ಇತ್ತ ಪುಲಿ. ಸುಳ್ಳೇ ಹೇಳೋದು ಅಂತ ತೀರ್ಮಾನ ಮಾಡಿಕೊಂಡೇ ಅವಳ ಹೊಸಿಲು ದಾಟಿದೆ.

ನಡುಮನೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯುತ್ತಿತ್ತು, ಸೊಸೆ ಒರೆಸುತ್ತಿದ್ದಳು. ನನ್ನನ್ನ ಹೊತ್ತು ತಿರುಗಿದ ಸೊಂಟ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಕರ್ಚೀಫು ಬಿಚ್ಚಿದೆ. ಅವಳು ಹೂ ನೋಡಲಿಲ್ಲ, ನನ್ನ ಮುಖ ನೋಡಿದಳು. ಅಂದುಕೊಂಡು ಬಂದ ಸುಳ್ಳು ಹೇಳೋಕೆ ಆಗಲಿಲ್ಲ.

"ಹೂ ಬೀಳ್ನಿಲ್ಲ ಕಣಕ್ಕ. ಇದು ಕಿತ್ಕೊಂಡು ಬಂದಿದ್ದು. ನಾನೂ ಮಾತ್ರೆ ನುಂಗ್ತಿದ್ದೀನಿ, ಯುಗಾದಿಯಿಂದ್ಲೂ. ಫೋನಲ್ಲಿ ನಿಂಗೆ ಸುಳ್ಳೇಳ್ದೆ."

ಅಕ್ಕನ ಕಣ್ಣು ನನ್ನ ಮೇಲೇ ಇತ್ತು. ತುಟಿ ಅಲ್ಲಾಡಿತು. ಒಂದೊಂದು ಮಾತಿಗೂ ಅವಳಿಗೆ ಸುಸ್ತಾಗುತ್ತಿತ್ತು. ಮಗ ಹತ್ತಿರ ಬಗ್ಗಿ ಕೇಳಿಸಿಕೊಳ್ಳೋಕೆ ಹೋದ, ಅವನನ್ನ ಎಡಗೈಯಿಂದ ಆಚೆ ತಳ್ಳಿದಳು.

"ಮಾತ್ರೆ ಬುಡ್ಲಾ ಅಂತ... ಕೇಳ್ನಿಲ್ಲ ನಾನು. ತಮ್ಮನ್ ಮಾತು... ನಂಬ್ಲಾ ಅಂತ ಕೇಳ್ದೆ."

ನಾನು ಮಂಚದ ಕಾಲು ಹಿಡಿದುಕೊಂಡು ನೆಲಕ್ಕೆ ಕೂತೆ. ಅವಳು ಹೂ ಕೇಳಿದ್ದು, ನನ್ನ ರಿಪೋರ್ಟು ಬಂದದ್ದು ಒಂದೇ ವಾರ. ಯಾವುದು ಮೊದಲು, ಯಾವುದು ಆಮೇಲೆ, ಹೂ ಬಿದ್ದಾಗ ನನ್ನ ಮಾತು ಇನ್ನೂ ನಿಜವಿತ್ತೋ ಇಲ್ವೋ ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅಕ್ಕ ಎಡಗೈ ಚಾಚಿದಳು, ನಿನ್ನ ಮಾತ್ರೆ ಎಲ್ಲಿ ಅನ್ನೋ ಹಾಗೆ. ಜೇಬಿನಲ್ಲಿತ್ತು. ಅವಳ ಎದುರಿಗೆ ನುಂಗಿದೆ. ಬಾಯಿ ತೆಗೆಸಿದಳು, ನಾಲಿಗೆ ಎತ್ತಿಸಿ ನೋಡಿದಳು. ಆಮೇಲೆ ತನ್ನದನ್ನ ತಗೊಂಡಳು.

ಅವತ್ತಿಂದ ಇದೇ ಪದ್ಧತಿ ಆಯ್ತು. ಬೆಳಿಗ್ಗೆ ಎಂಟಕ್ಕೆ ಅಳಿಯ ವಿಡಿಯೋ ಕಾಲ್ ಮಾಡಿ ಅವಳ ಮುಂದೆ ಹಿಡೀತಾನೆ. ನಾನು ಅರ್ಧ ಮಾತ್ರೆ ತೋರಿಸಿ, ನುಂಗಿ, ನಾಲಿಗೆ ಎತ್ತಬೇಕು. ಎತ್ತದೆ ಹೋದರೆ ಅಕ್ಕ ನುಂಗಲ್ಲ. ಉಪ್ಪು ಕಮ್ಮಿ ಮಾಡಿದ್ದಾಳೆ, ಕೋಲು ಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕ್ತಾಳೆ. ಬಿಪಿ ಹತೋಟಿಯಲ್ಲಿದೆ. ಮಾತ್ರೆಯಿಂದಲೋ, ಉಪ್ಪು ಬಿಟ್ಟಿದ್ದರಿಂದಲೋ ಅಂದರೆ ಡಾಕ್ಟರು ಎರಡೂ ಅಂತಾರೆ. ಸ್ಟಾಫ್ ರೂಮಿನಲ್ಲಿ ಈಗ ಯಾರಾದರೂ ಪಥ್ಯದ ಮಾತು ತೆಗೆದರೆ ನಾನು ಗ್ರೌಂಡಿಗೆ ಎದ್ದು ಹೋಗ್ತೀನಿ.

ಹೋದ ವಾರ ನನ್ನ ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರು, ಅರ್ಧ ಮಾತ್ರೆ ಇನ್ನು ಬೇಡ ಮೇಷ್ಟ್ರೇ, ಮೂರು ತಿಂಗಳು ನಿಲ್ಲಿಸಿ ನೋಡೋಣ ಅಂದರು. ಎರಡು ವರ್ಷದ ಕೆಳಗೆ ಈ ಮಾತಿಗೆ ಕುಣಿದಾಡಿದವನು ನಾನು. ಈಗ ಕೈ ಮುಗಿದು, ಇರಲಿ ಸಾರ್, ಬರೆದುಬಿಡಿ ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಎಲ್ಲರೂ ಬಿಡಿಸಿ ಅಂತಾರೆ, ನೀವೊಬ್ಬರು ಬೇಕು ಅಂತೀರಲ್ಲ, ಬೇಡದ ಮಾತ್ರೆ ಬರೆಯೋಕಾಗಲ್ಲ, ಅಂದರು.

ಮಾರನೇ ದಿನ ಎಂಟಕ್ಕೆ ಫೋನು ಬಂತು. ಹೆಂಡತಿ ಸಕ್ಕರೆ ಇಲ್ಲದ ಕಾಫಿ ಇಟ್ಟು ನನ್ನ ಮುಖ ನೋಡ್ತಾ ನಿಂತಳು. ಡಬ್ಬಿಯಲ್ಲಿ ಹಳೇ ಮಾತ್ರೆ ಇತ್ತು, ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗಿಯೋಣ ಅಂತಲೂ ಒಂದು ಗಳಿಗೆ ಅನ್ನಿಸಿತು. ಅಕ್ಕ ನಾಲಿಗೆ ಎತ್ತಿಸ್ತಾಳೆ, ಗೊತ್ತಾಗುತ್ತೆ. ನಂದು ನಿಲ್ಸವ್ರೆ ಕಣಕ್ಕ, ನಿಂದು ನಿಲ್ಲಿಸೋ ಹಾಗಿಲ್ಲ, ಅಂದೆ. ಫೋನಿನಲ್ಲಿ ಅವಳ ಮುಖ ಅಲ್ಲಾಡಲಿಲ್ಲ, ನೆಟ್‌ವರ್ಕ್ ಹೋಯ್ತೇನೋ ಅಂದುಕೊಂಡೆ. ಅವಳ ಮಾತ್ರೆ ಅಳಿಯನ ಅಂಗೈಯಲ್ಲೇ ಇತ್ತು.

"ಡಾಕ್ಟ್ರು ಏಳುದ್ರಾ," ಅಂದಳು ಅಕ್ಕ ನಿಧಾನಕ್ಕೆ, "ನೀನೇ ಏಳ್ತಿದ್ದೀಯಾ?"

ಬೀಗರ ಊಟದ ಎಲೆ ಮುಂದೆ ಕೇಳಬೇಕಾಗಿದ್ದ ಮಾತು ಅದು. ಡಾಕ್ಟ್ರೇ ಹೇಳಿದ್ದು ಕಣಕ್ಕ ಅಂದೆ. ನನ್ನ ದನಿ ನನಗೇ ಸುಳ್ಳಿನ ಹಾಗೆ ಕೇಳಿಸಿತು.

"ಚೀಟಿ ತೋರ್ಸು," ಅಂದಳು.

ಹೆಂಡತಿ ಓಡಿ ಹೋಗಿ ಚೀಟಿ ತಂದಳು. ಫೋನಿನ ಮುಂದೆ ಹಿಡಿದೆ. ಡಾಕ್ಟರ ಕೈಬರಹ ಅಕ್ಕನಿಗೆ ಓದೋಕೆ ಬರಲ್ಲ, ನಿಜ ಹೇಳಬೇಕು ಅಂದರೆ ನನಗೂ ಬರಲ್ಲ. ಅವಳು ಮಾತ್ರ ಮೇಲಿಂದ ಕೆಳಗಿನ ಸಹಿವರೆಗೂ ಒಂದೊಂದೇ ಸಾಲು ಕಣ್ಣಾಡಿಸಿದಳು, ನನ್ನ ಮುಖದ ಕಡೆ ಒಂದು ಸಲವೂ ನೋಡಲಿಲ್ಲ. ಆಮೇಲೆ ಬಾಯಿ ತೆಗೆದಳು, ಅಳಿಯ ಮಾತ್ರೆ ಇಟ್ಟ.